ಹಳೇ ಕಾರಿನ ಎಸಿ: ಗ್ಯಾಸ್ ತುಂಬಿಸಿದರೂ ನಿಲ್ಲುತ್ತಿಲ್ಲ, ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾ?

ಹಳೇಸೆಡಾನ್

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಮಾಡೆಲ್ ಪೆಟ್ರೋಲ್ ಕಾರು. ಎಸಿಯಲ್ಲಿರೋದು ಆರ್-134ಎ ಗ್ಯಾಸ್. ತುಂಬಿಸಿದ ಮೇಲೆ ಕೆಲವು ವಾರ ಚೆನ್ನಾಗಿ ತಣ್ಣಗಿರುತ್ತೆ. ಆಮೇಲೆ ಗಾಡಿ ನಿಂತಾಗ ಬೆಚ್ಚಗಿನ ಗಾಳಿ, ಓಡುವಾಗ ಮಾತ್ರ ತಣ್ಣಗೆ. ಇನ್ನೂ ಸ್ವಲ್ಪ ದಿನ ಕಳೆದರೆ ಕಂಪ್ರೆಸರ್ ಕ್ಲಚ್ ಟಕ್ ಟಕ್ ಅಂತ ಹಿಡಿದು ಬಿಟ್ಟು ಮಾಡೋಕೆ ಶುರು. ಮತ್ತೆ ಗ್ಯಾಸ್ ತುಂಬಿಸೋದು, ಮತ್ತೆ ಅದೇ ಕಥೆ.

ಈ ಸಲ ಗ್ಯಾರೇಜಿನಲ್ಲಿ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿದು ನೋಡಿದರು. ಕಾರಿನ ಕೆಳಗೆ ಎಸಿ ನೀರು ತೊಟ್ಟಿಕ್ಕುವ ಪೈಪಿನ ಬಾಯಲ್ಲಿ ಡಿಟೆಕ್ಟರ್ ಕೂಗಿತು. "ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು" ಅಂದರು. ಇಷ್ಟು ವಯಸ್ಸಾದ ಡ್ಯಾಶ್‌ಬೋರ್ಡಿನ ಕ್ಲಿಪ್ಪುಗಳೆಲ್ಲ ಬಿಸಿಲಿಗೆ ಗರಿಗರಿಯಾಗಿವೆ, ಮುಟ್ಟಿದರೆ ಮುರಿಯುತ್ತವೆ. ಒಮ್ಮೆ ಇಳಿಸಿದ ಡ್ಯಾಶ್‌ಬೋರ್ಡ್ ಮತ್ತೆ ಸದ್ದಿಲ್ಲದೆ ಕೂರೋದು ಕಷ್ಟ. ಕಾಯಿಲ್ ಹೋಗಿರೋದು ಖಾತ್ರಿಯಾದರೆ ಬಿಚ್ಚಿಸ್ತೀನಿ, ಆದರೆ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಇನ್ನೊಂದು ಕಡೆ ಲೀಕ್ ಮುಚ್ಚುವ ದ್ರಾವಣದ ಡಬ್ಬಿ ಹಾಕಿದರೆ ಸಾಕು ಅಂದರು. ಹಾಕಿಸಬಹುದಾ?

ಬಾನೆಟ್‌ತೆಗೆದವ

ಡಬ್ಬಿ ವಿಷಯ ಮೊದಲು ಹೇಳಿಬಿಡ್ತೀನಿ. ದಯವಿಟ್ಟು ಹಾಕಿಸಬೇಡಿ. ಆ ದ್ರಾವಣಗಳಲ್ಲಿ ಬಹಳಷ್ಟು ತೇವ ಸಿಕ್ಕಿದ ಕಡೆ ಗಟ್ಟಿಯಾಗುವಂಥವು. ರಂಧ್ರದ ಹೊರಗಿನ ಗಾಳಿಯ ತೇವಕ್ಕೆ ಗಟ್ಟಿಯಾಗಿ ಲೀಕ್ ಮುಚ್ಚಲಿ ಅನ್ನೋದು ಲೆಕ್ಕ. ಆದರೆ ನಿಮ್ಮದು ಮತ್ತೆ ಮತ್ತೆ ತುಂಬಿಸಿದ ಸಿಸ್ಟಮ್, ಒಳಗೂ ತೇವ ಸೇರಿರುವ ಸಾಧ್ಯತೆ ಇದೆ. ಆಗ ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡೋ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ದಾರಿಯಲ್ಲೇ ಗಟ್ಟಿಯಾಗಬಹುದು. ಗ್ಯಾಸ್ ಹೊರತೆಗೆಯುವ ಮೆಷಿನ್ನಿಗೂ ಅದು ಕೇಡು. ದ್ರಾವಣ ಹಾಕಿದ ಕಾರು ಅಂತ ಗೊತ್ತಾದರೆ ಮೆಷಿನ್ ಜೋಡಿಸೋಕೆ ಒಪ್ಪದ ಅಂಗಡಿಗಳಿವೆ.

ಈಗ ನಿಮ್ಮ ಲಕ್ಷಣಗಳು. ಕ್ಲಚ್ ಬೇಗ ಬೇಗ ಹಿಡಿದು ಬಿಡೋದು ಗ್ಯಾಸ್ ಕಡಿಮೆಯಾದದ್ದಕ್ಕೆ ಹೊಂದುತ್ತೆ. ಒತ್ತಡ ಬಿದ್ದರೆ ಸ್ವಿಚ್ ಕಂಪ್ರೆಸರ್‌ಗೆ ಕರೆಂಟ್ ಕಡಿಯುತ್ತೆ, ಒತ್ತಡ ಸ್ವಲ್ಪ ಏರಿದರೆ ಮತ್ತೆ ಕೊಡುತ್ತೆ. ಆದರೆ "ನಿಂತಾಗ ಬಿಸಿ, ಓಡುವಾಗ ತಣ್ಣಗೆ" ಅನ್ನೋದು ಗ್ಯಾಸ್ ಕಡಿಮೆಯಾದರೂ ಬರುತ್ತೆ, ಕಂಡೆನ್ಸರ್‌ಗೆ (ಎಸಿಯ ಬಿಸಿ ಹೊರಬಿಡೋ ಮುಂಭಾಗದ ಭಾಗ) ಗಾಳಿ ಕೊಡೋ ಫ್ಯಾನ್ ಸೋತರೂ ಬರುತ್ತೆ. ಬೇರ್ಪಡಿಸೋದು ಸುಲಭ. ಗೇಜ್ ಹಾಕಿ ಐಡಲ್‌ನಲ್ಲಿ ನೋಡಿ. ಗ್ಯಾಸ್ ಕಡಿಮೆಯಾಗಿದ್ದರೆ ಹೈ ಸೈಡ್ (ಕಂಪ್ರೆಸರ್ ಒತ್ತಿ ಹೊರಬಿಡೋ ಕಡೆ), ಲೋ ಸೈಡ್ (ಕಂಪ್ರೆಸರ್‌ಗೆ ವಾಪಸ್ ಬರೋ ಕಡೆ) ಎರಡರ ಒತ್ತಡವೂ ತಗ್ಗಿರುತ್ತೆ. ಫ್ಯಾನ್ ದೋಷ ಆದರೆ ಹೈ ಸೈಡ್ ಏರ್ತಾ ಹೋಗುತ್ತೆ, ಕಂಡೆನ್ಸರ್ ಮೇಲೆ ನೀರು ಎರಚಿದ ಕೂಡಲೇ ಇಳಿಯುತ್ತೆ.

ಎಂಜಿನ್ ಆಫ್ ಇದ್ದಾಗ ಗೇಜ್ ತೋರಿಸೋ ಒತ್ತಡ ನೋಡಿ "ಗ್ಯಾಸ್ ಫುಲ್ ಇದೆ" ಅಂತ ಹೇಳೋರ ಮಾತು ಕೇಳಬೇಡಿ. ಒಳಗೆ ಒಂದಿಷ್ಟು ದ್ರವ ಉಳಿದಿರೋವರೆಗೂ ಆ ಒತ್ತಡ ಬರೀ ತಾಪಮಾನದ ಲೆಕ್ಕ. ಆರ್-134ಎ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30ರಲ್ಲಿ 97, 35ರಲ್ಲಿ 114 ತೋರಿಸುತ್ತೆ. ಅರ್ಧ ಗ್ಯಾಸ್ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಆ ಅಂಕಿಗಿಂತ ಕೆಳಗಿದ್ದರೆ ಮಾತ್ರ ಒಂದು ವಿಷಯ ಖಾತ್ರಿ: ದ್ರವ ಪೂರ್ತಿ ಖಾಲಿ.

ಮುಂದಿನ ಸಲ ತುಂಬಿಸುವ ಮೊದಲು, ಒಳಗೆ ಉಳಿದಿದ್ದನ್ನ ಮೆಷಿನ್‌ನಿಂದ ಹೊರತೆಗೆಸಿ ತೂಕ ಬರೆದಿಟ್ಟುಕೊಳ್ಳಿ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಹಾಕಬೇಕು ಅಂತ ಇರುತ್ತೆ. ಅದರಲ್ಲಿ ಇದನ್ನ ಕಳೆದರೆ ಎಷ್ಟು ಹೋಗಿದೆ ಅನ್ನೋದು ಗೊತ್ತು. ಒಳ್ಳೇ ಸಿಸ್ಟಮ್ ಕೂಡ ರಬ್ಬರ್ ಹೋಸ್‌ಗಳ ಮೂಲಕ ವರ್ಷಕ್ಕೆ ಚೂರು ಚೂರು ಕಳ್ಕೊಳ್ಳುತ್ತೆ. ವಾರಗಳಲ್ಲಿ ಕೂಲಿಂಗ್ ಬಿದ್ದು ಹೋಗುತ್ತೆ ಅಂದರೆ ಅದು ಹುಡುಕಿದರೆ ಸಿಗೋ ಲೀಕ್. ಸಿಗುತ್ತೆ, ಧೈರ್ಯವಾಗಿರಿ.

ನಿಧಾನಸವಾರಿ

ನನ್ನ ಕಾರಿಗೆ ಹೀಗೇ ಆದಾಗ ವ್ಯಾಕ್ಯೂಮ್ ಪಂಪ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರು. ಸೂಜಿ ಅಲುಗಲಿಲ್ಲ, ಲೀಕ್ ಇಲ್ಲ ಅಂತ ಖಾತ್ರಿಯಾಯ್ತು. ಸೆಡಾನ್ ಸರ್, ನೀವೂ ಅದನ್ನೇ ಮಾಡಿಸಿ. ಒಂದೇ ಪರೀಕ್ಷೆಗೆ ಮುಗಿಯುತ್ತೆ.

ಗೇಜ್‌ನೋಡಿ

ನಿಧಾನಸವಾರಿ ಅವರೇ, ವ್ಯಾಕ್ಯೂಮ್ ನಿಂತಿತು ಅಂದರೆ ಲೀಕ್ ಇಲ್ಲ ಅಂತ ಅರ್ಥ ಅಲ್ಲ. ನಾನು ಕೋಲ್ಡ್ ಸ್ಟೋರೇಜ್ ಮೆಷಿನ್‌ಗಳ ಕೆಲಸ ಮಾಡುವವಳು, ದಿನಾ ಇದರಲ್ಲೇ ಇರ್ತೀನಿ.

ಪಂಪ್ ಎಷ್ಟೇ ಎಳೆದರೂ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಒಂದು ವಾತಾವರಣ, ಅಂದರೆ 14.7 ಪಿಎಸ್‌ಐ ದಾಟೋದಿಲ್ಲ. ಎಸಿ ಓಡುವಾಗ ಹೈ ಸೈಡ್‌ನಲ್ಲಿ 200 ಪಿಎಸ್‌ಐ ಆಸುಪಾಸು ಇರುತ್ತೆ. ಇನ್ನೊಂದು, ವ್ಯಾಕ್ಯೂಮ್‌ನಲ್ಲಿ ಗಾಳಿ ಹೊರಗಿನಿಂದ ಒಳಗೆ ತಳ್ಳುತ್ತೆ, ಲೀಕ್ ಆಗೋದು ಒಳಗಿನಿಂದ ಹೊರಗೆ. ಜಾಯಿಂಟ್‌ನ ಸವೆದ ಓ-ರಿಂಗ್ (ರಬ್ಬರ್ ಉಂಗುರ) ಒಳಕ್ಕೆ ಎಳೆದಾಗ ಸರಿಯಾಗಿ ಕೂತು ಮುಚ್ಚಿಕೊಳ್ಳಬಹುದು, ಗ್ಯಾಸ್ ತುಂಬಿದ ಮೇಲೆ ಬಾಯಿ ಬಿಡಬಹುದು. ಸೂಜಿ ಏರಿತು ಅಂದ ಮಾತ್ರಕ್ಕೆ ಲೀಕ್ ಇದೆ ಅಂತಲೂ ಅಲ್ಲ. ಒಳಗೆ ಉಳಿದ ನೀರು ಕುದಿದು ಆವಿಯಾದರೂ, ಎಣ್ಣೆಯಲ್ಲಿ ಕರಗಿದ ಗ್ಯಾಸ್ ಹೊರಬಂದರೂ ಏರುತ್ತೆ. ವ್ಯಾಕ್ಯೂಮ್ ಇರೋದು ಒಣಗಿಸೋಕೆ. ದೊಡ್ಡ ತೂತು ಇದ್ದರೆ ಹೇಳುತ್ತೆ, ಸಣ್ಣದನ್ನ ಹೇಳೋದಿಲ್ಲ.

ನಿಮಗೆ ಬೇಕಾಗಿರೋದು ನೈಟ್ರೋಜನ್. ಉಳಿದ ಗ್ಯಾಸ್ ಹೊರತೆಗೆಸಿದ ಮೇಲೆ, ಒಣ ನೈಟ್ರೋಜನ್‌ನ 150 ಪಿಎಸ್‌ಐಗೆ ತುಂಬಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೊರೆ ಹಚ್ಚಿ ಕಾಯಬೇಕು. ಸಿಲಿಂಡರ್ ಒಳಗೆ ನೂರೈವತ್ತು ಬಾರ್‌ಗೂ ಮಿಕ್ಕಿ ಒತ್ತಡ ಇರುತ್ತೆ, ರೆಗ್ಯುಲೇಟರ್ ಇಲ್ಲದೆ ಮುಟ್ಟಲೇಬಾರದು. ನೈಟ್ರೋಜನ್ ಬದಲು ಆಕ್ಸಿಜನ್ ಯಾವತ್ತಿಗೂ ಹಾಕಬಾರದು, ಎಣ್ಣೆ ಜೊತೆ ಸೇರಿ ಸ್ಫೋಟ ಆಗುತ್ತೆ. ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ, ಅದರ ತೇವವೆಲ್ಲ ಒಳಗೆ ಹೋಗುತ್ತೆ. ಗ್ಯಾಸ್ ಉಳಿದಿದ್ದರೆ ಒತ್ತಡದಲ್ಲಿ ಗಾಳಿ ಬೆರೆತು ಹೊತ್ತಿಕೊಳ್ಳುವ ಅಪಾಯವೂ ಇದೆ.

ಗೇಜ್ ಇಳಿದರೆ ಗಾಬರಿಯಾಗುವ ಮೊದಲು ತಾಪಮಾನ ನೋಡಿ. ಮಧ್ಯಾಹ್ನ 30 ಡಿಗ್ರಿಯಲ್ಲಿ 150ಕ್ಕೆ ತುಂಬಿಟ್ಟು ಬೆಳಗ್ಗೆ 22 ಡಿಗ್ರಿಯಲ್ಲಿ ನೋಡಿದರೆ, ಲೀಕ್ ಒಂದು ಚೂರೂ ಇಲ್ಲದಿದ್ದರೂ 4 ಪಿಎಸ್‌ಐ ಇಳಿದಿರುತ್ತೆ. ಅದಕ್ಕೆ ತುಂಬಿದ ಹೊತ್ತಿನ ತಾಪಮಾನ ಗೇಜ್ ಪಕ್ಕದಲ್ಲೇ ಬರೆದಿಡಬೇಕು.

ಎರಡನೇಗೇರ್

ಮಧ್ಯೆ ಬಂದದ್ದಕ್ಕೆ ಕ್ಷಮೆ ಇರಲಿ. ನನ್ನದೂ "ಎಸಿ ಲೀಕ್" ಸಮಸ್ಯೆಯೇ. ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ, ಕೂಲಿಂಗ್ ಚೆನ್ನಾಗೇ ಇದೆ. ನಾನೂ ನೈಟ್ರೋಜನ್ ಹಾಕಿಸಬೇಕಾ?

ಬಾನೆಟ್‌ತೆಗೆದವ

ಬೇಡ. ಕೂಲಿಂಗ್ ಚೆನ್ನಾಗಿದ್ದರೆ ಸೋರ್ತಿರೋದು ನೀರು. ಕಾಯಿಲ್ ಮೇಲೆ ಬೆವರಿದ ನೀರು ಇಳಿಯುವ ಡ್ರೈನ್ ಪೈಪ್‌ನಲ್ಲಿ ಧೂಳು, ಎಲೆ ಕಟ್ಟಿಕೊಂಡಿದೆ. ಕೆಳಗಿನಿಂದ ಪೈಪಿನ ಬಾಯಿಗೆ ಮೃದುವಾದ ವಯರ್ ಹಾಕಿ ಎಳೆಯಿರಿ. ಚೂಪಾದ ಕಂಬಿ ತುರುಕಬೇಡಿ, ಕಾಯಿಲ್‌ಗೆ ತಾಗೀತು. ಆದರೆ ಕಾರ್ಪೆಟ್ ಒದ್ದೆ ಅಂಟಂಟಾಗಿದ್ದು, ಸಿಹಿ ವಾಸನೆ ಬರ್ತಿದ್ದು, ಗಾಜಿನ ಒಳಗೆ ಜಿಡ್ಡಿನ ಮಂಜು ಕೂರ್ತಿದ್ದರೆ ಅದು ಕೂಲೆಂಟ್. ಹೀಟರ್ ಕೋರ್ ನೋಡಿಸಿ, ತಡ ಮಾಡಬೇಡಿ.

ಸೆಡಾನ್ ಸರ್, ಗೇಜ್‌ನೋಡಿ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೂ ಮೊದಲು ಕಣ್ಣಿಂದ ನೋಡೋ ಕೆಲಸ ಮಾಡಿ. ಗ್ಯಾಸ್ ಹೋಗೋ ಕಡೆ ಎಣ್ಣೆಯೂ ಹೋಗುತ್ತೆ, ಎಣ್ಣೆ ಬಿದ್ದ ಕಡೆ ಧೂಳು ಹಿಡಿಯುತ್ತೆ. ಒಳ್ಳೇ ಟಾರ್ಚ್ ಹಿಡಿದು ಪೈಪ್‌ಗಳನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡ್ತಾ ಹೋಗಿ. ಅಲ್ಯೂಮಿನಿಯಂ ಪೈಪ್ ಕ್ಲಾಂಪ್ ಒಳಗೆ ಹಾದು ಹೋಗೋ ಜಾಗದಲ್ಲಿ ರಬ್ಬರ್ ಸವೆದು ಪೈಪ್ ಉಜ್ಜಿರುತ್ತೆ, ಕ್ಲಾಂಪ್ ಬಿಚ್ಚಿ ನೋಡದೆ ಕಾಣೋದಿಲ್ಲ. ಹೋಸ್ ಮತ್ತು ಪೈಪ್ ಸೇರೋ ಕ್ರಿಂಪ್ ಹತ್ತಿರ ಬೆರಳಾಡಿಸಿ, ಜಿಡ್ಡು ತಗುಲುತ್ತಾ ನೋಡಿ. ಕಂಡೆನ್ಸರ್‌ನ ಕೆಳಗಿನ ಮೂಲೆಗಳಲ್ಲಿ ಕಪ್ಪು ಕಲೆ ಇದೆಯಾ ನೋಡಿ, ಕಲ್ಲೇಟು ಬೀಳೋದು ಅಲ್ಲೇ. ಗ್ಯಾಸ್ ತುಂಬೋ ಪೋರ್ಟ್‌ಗಳ ಒಳಗೆ ಟೈರ್‌ನಲ್ಲಿರೋ ಥರದ್ದೇ ವಾಲ್ವ್ ಪಿನ್ ಇರುತ್ತೆ. ಅಲ್ಲಿ ನೊರೆ ಹಾಕಿದರೆ ಗುಳ್ಳೆ ಏಳುತ್ತಾ ನೋಡಿ. ಮುಚ್ಚಳ ಇಲ್ಲದ ಪೋರ್ಟ್ ನೋಡಿದರೆ ನನಗೆ ಸಿಟ್ಟು ಬರುತ್ತೆ. ಆ ಮುಚ್ಚಳ ಬರೀ ಧೂಳಿಗಲ್ಲ, ಅದರ ಒಳಗಿನ ರಿಂಗ್ ಎರಡನೇ ಸೀಲ್.

ಹಳೇಸೆಡಾನ್

ಇಬ್ಬರಿಗೂ ತುಂಬಾ ಧನ್ಯವಾದ. ಕಂಡೆನ್ಸರ್ ಒಣಗಿದೆ, ಕಲೆ ಇಲ್ಲ. ಫ್ಯಾನ್ ಎರಡೂ ವೇಗದಲ್ಲಿ ತಿರುಗ್ತಿದೆ. ಕ್ರಿಂಪ್‌ಗಳು ಸರಿ ಇವೆ. ಕಂಪ್ರೆಸರ್ ಮುಂಭಾಗದಲ್ಲಿ, ಕ್ಲಚ್ ಹಿಂದೆ ಸ್ವಲ್ಪ ಎಣ್ಣೆ ಪಸೆ ಇದೆ. ಅದೇನಾ?

ಬಾನೆಟ್‌ತೆಗೆದವ

ಶಾಫ್ಟ್ ಸೀಲ್‌ನಲ್ಲಿ ತೆಳ್ಳಗೆ ಪಸೆ ಇರೋದು ಹಳೇ ಕಂಪ್ರೆಸರ್‌ಗಳಲ್ಲಿ ಸಹಜ. ಸೀಲ್ ನಿಜವಾಗಿ ಹೋಗಿದ್ದರೆ ತಿರುಗೋ ಕ್ಲಚ್ ಎಣ್ಣೆನ ಸುತ್ತ ಎಸೆದಿರುತ್ತೆ. ಕ್ಲಚ್‌ನ ನೇರಕ್ಕೆ ಬಾನೆಟ್‌ನ ಒಳಮೈ, ಪಕ್ಕದ ಬ್ರಾಕೆಟ್, ಬೆಲ್ಟ್ ಕವರ್ ಮೇಲೆ ಎಣ್ಣೆಯ ಪಟ್ಟಿ ಎಳೆದಂತಿರುತ್ತೆ. ಅದಿಲ್ಲದಿದ್ದರೆ ಸದ್ಯಕ್ಕೆ ಬಿಡಿ. ಇನ್ನು ಮೇಲೆ ಚಳಿಯಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಸೀಲ್‌ಗೆ ಎಣ್ಣೆ ಮುಟ್ಟೋದು ಕಂಪ್ರೆಸರ್ ತಿರುಗಿದಾಗ ಮಾತ್ರ. ತಿಂಗಳುಗಟ್ಟಲೆ ನಿಂತರೆ ಸೀಲಿನ ಅಂಚು ಒಣಗುತ್ತೆ.

ಗೇಜ್‌ನೋಡಿ

ಡ್ರೈನ್ ಪೈಪ್‌ನಲ್ಲಿ ಡಿಟೆಕ್ಟರ್ ಕೂಗಿದ್ದರ ಬಗ್ಗೆ ಒಂದು ಮಾತು, ಯಾಕಂದ್ರೆ ಡ್ಯಾಶ್‌ಬೋರ್ಡ್ ಇಳಿಸೋ ತೀರ್ಮಾನ ಅದರ ಮೇಲೇ ನಿಂತಿದೆ. ಆರ್-134ಎ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಮೇಲೆಲ್ಲೋ ಸೋರಿದ್ದು ಕೆಳಗೆ ಹರಿದು ಬರುತ್ತೆ. ಬಹಳಷ್ಟು ಕಾರುಗಳಲ್ಲಿ ಎಕ್ಸ್‌ಪಾನ್ಷನ್ ವಾಲ್ವ್ ಇರೋದು ಎಂಜಿನ್ ಕಡೆಯ ಗೋಡೆಗೆ ತಾಗಿಕೊಂಡು, ಡ್ರೈನ್ ಪೈಪ್ ಇರೋದು ಅದರ ಸ್ವಲ್ಪ ಕೆಳಗೆ. ವಾಲ್ವ್‌ನ ಜಾಯಿಂಟ್ ಸೋರಿದರೂ ಡಿಟೆಕ್ಟರ್ ಡ್ರೈನ್ ಹತ್ತಿರ ಕೂಗುತ್ತೆ.

ಕಾಯಿಲ್ ಪರೀಕ್ಷೆ ಮಾಡೋ ಕ್ರಮ ಹೀಗೆ. ಸಿಸ್ಟಮ್‌ನಲ್ಲಿ ಕನಿಷ್ಠ 50 ಪಿಎಸ್‌ಐ ಇರಬೇಕು, ಎಂಜಿನ್ ಆಫ್, ಗಾಳಿ ಬೀಸದ ಜಾಗ. ಬ್ಲೋವರ್ ಜೋರಾಗಿ ಓಡಿಸಿ ಹಳೇ ಗಾಳಿ ಹೊರಹಾಕಿ, ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಕಾರಿನ ಒಳಗೆ ಬ್ಲೋವರ್ ರೆಸಿಸ್ಟರ್ (ಬ್ಲೋವರ್ ವೇಗ ಬದಲಿಸೋ ಭಾಗ) ಬಿಚ್ಚಿ ಆ ತೂತಿನಿಂದ ಡಿಟೆಕ್ಟರ್ ತುದಿ ಒಳಗೆ ಬಿಡಿ. ಅಲ್ಲಿ ಕೂಗಿದರೆ ಕಾಯಿಲ್ ಮೇಲೆ ಸಂಶಯ ಗಟ್ಟಿ. ಅಲ್ಲಿ ಸುಮ್ಮನಿದ್ದು ಡ್ರೈನ್ ಹತ್ತಿರ ಮಾತ್ರ ಕೂಗಿದರೆ ಹೊರಗಡೆ ಹುಡುಕಿ.

ಯುವಿ ಡೈ (ಯುವಿ ಬೆಳಕಲ್ಲಿ ಹೊಳೆಯೋ ಬಣ್ಣ) ಹಾಕಿದ್ದರೆ ಇನ್ನೂ ಒಂದು ದಾರಿ ಇದೆ: ಡ್ರೈನ್‌ನಿಂದ ಬೀಳುವ ನೀರನ್ನ ಬಿಳಿ ಬಟ್ಟಲಲ್ಲಿ ಹಿಡಿದು ಯುವಿ ಲೈಟ್ ಬಿಡಿ. ಹಳದಿ ಹಸಿರು ಹೊಳೆದರೆ ಕಾಯಿಲೇ.

ತೊಂಬತ್ತರಕಾರು

ನನ್ನದು 1992ರ ಗಾಡಿ, ಆರ್-12 ಅನ್ನೋ ಹಳೇ ಎಸಿ ಗ್ಯಾಸಿನ ಕಾಲದ್ದು. ಓಝೋನ್ ಪದರ ಕೆಡಿಸೋ ಇಂಥ ಗ್ಯಾಸ್‌ಗಳನ್ನ ನಿಲ್ಲಿಸೋ ಮಾಂಟ್ರಿಯಲ್ ಒಪ್ಪಂದ 1987ರಲ್ಲಿ ಆಯ್ತು, ಮುಂದುವರಿದ ದೇಶಗಳಲ್ಲಿ ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಹೊಸ ಕಾರುಗಳು ಆರ್-134ಎಗೆ ಬಂದವು. ಆರ್-12 ಈಗ ಸಿಗೋದೇ ಇಲ್ಲ ಅನ್ನಬಹುದು. ನನಗೆ ಎಲ್‌ಪಿಜಿ ಥರದ ಗ್ಯಾಸ್ ಹಾಕಿದರೆ ಚೆನ್ನಾಗಿ ತಣ್ಣಗಾಗುತ್ತೆ ಅಂತ ಸಲಹೆ ಬಂದಿದೆ. ಅಭಿಪ್ರಾಯ ಹೇಳಿ.

ಗೇಜ್‌ನೋಡಿ

ತಣ್ಣಗಾಗೋದು ನಿಜ, ಆದರೂ ಹಾಕಬೇಡಿ. ಲೀಕ್ ಆಗ್ತಿರೋ ಸಿಸ್ಟಮ್‌ಗೆ ಹೊತ್ತಿಕೊಳ್ಳುವ ಗ್ಯಾಸ್ ತುಂಬೋದು, ಅದೂ ಕಾಯಿಲ್ ಇರೋದು ಜನ ಕೂರುವ ಜಾಗದಲ್ಲಿ. ಈ ವಿಷಯದಲ್ಲಿ ನಾನು ರಾಜಿ ಆಗೋದಿಲ್ಲ. ಸರಿಯಾದ ದಾರಿ ಆರ್-134ಎಗೆ ಬದಲಾಯಿಸೋದು. ಹಳೇ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯೋದಿಲ್ಲ, ಕಂಪ್ರೆಸರ್‌ಗೆ ವಾಪಸ್ ಬರೋದಿಲ್ಲ. ಅದನ್ನ ಆದಷ್ಟು ತೆಗೆದು ಎಸ್ಟರ್ ಎಣ್ಣೆ ಹಾಕಬೇಕು. ಡ್ರೈಯರ್ (ಒಳಗಿನ ತೇವ ಹೀರೋ ಡಬ್ಬಿ) ಹೊಸ ಗ್ಯಾಸ್‌ಗೆ ಹೊಂದುವಂಥದ್ದು, ಓ-ರಿಂಗ್‌ಗಳೆಲ್ಲ ಹೊಸವು, ಪೋರ್ಟ್‌ಗೆ ಬದಲಾವಣೆಯ ಫಿಟ್ಟಿಂಗ್. ಗ್ಯಾಸ್ ತೂಕ ಹಳೇದರ 80ರಿಂದ 90 ಪ್ರತಿಶತದಿಂದ ಶುರು ಮಾಡ್ತಾರೆ, ಅದೇ ತೂಕ ಹಾಕಿದರೆ ಹೈ ಸೈಡ್ ಏರಿಬಿಡುತ್ತೆ.

ಹಳೇಸೆಡಾನ್

ಸಿಕ್ಕಿತು!

ರೆಸಿಸ್ಟರ್ ತೂತಿನಲ್ಲಿ ಡಿಟೆಕ್ಟರ್ ಸುಮ್ಮನಿತ್ತು, ಎಷ್ಟು ಹೊತ್ತು ಹಿಡಿದರೂ. ಡ್ರೈನ್ ಹತ್ತಿರ ಮತ್ತೆ ಕೂಗಿತು. ನೈಟ್ರೋಜನ್ ಇರೋ ಒಬ್ಬ ಮೆಕ್ಯಾನಿಕ್ ಸಿಕ್ಕರು, ಮೇಡಂ ಬರೆದಿದ್ದನ್ನ ತೋರಿಸಿದೆ, "ಹೀಗೇ ಮಾಡೋಣ" ಅಂದರು. ಕಾಯಿಲ್ ಕಡೆ ಗೋಡೆಗೆ ತಾಗಿದ ವಾಲ್ವ್ ಸುತ್ತ ಫ್ಯಾಕ್ಟರಿಯಿಂದಲೇ ಕಪ್ಪು ಅಂಟು ಟೇಪ್ ದಪ್ಪಗೆ ಸುತ್ತಿ ಮೇಲೆ ಸ್ಪಂಜ್ ಮುಚ್ಚಿದ್ದರು. ಸ್ಪಂಜ್ ತೆಗೆದ ಕೂಡಲೇ ಕೆಳಭಾಗ ಎಣ್ಣೆ ಕುಡಿದು ಮೆತ್ತಗಾಗಿದ್ದು ಕಾಣಿಸಿತು. ಟೇಪ್ ಬಿಡಿಸಿ, ಒರೆಸಿ, 150ಕ್ಕೆ ತುಂಬಿ ನೊರೆ ಹಚ್ಚಿದರು. ಮೊದಲು ಏನೂ ಇಲ್ಲ. ಟಾರ್ಚ್ ಹಿಡಿದು ನೋಡ್ತಾ ನಿಂತೆವು. ಪೈಪ್‌ಗಳ ಪ್ಲೇಟ್ ವಾಲ್ವ್‌ಗೆ ಕೂರೋ ಗೆರೆಯಲ್ಲಿ, ದಪ್ಪ ಪೈಪ್ ಕಡೆ, ಗಸಗಸೆಯಷ್ಟು ಸಣ್ಣ ಗುಳ್ಳೆಗಳು ಒಂದರ ಪಕ್ಕ ಒಂದು ಕೂಡಿ ಬಿಳಿ ನೊರೆ ಉಬ್ಬೋಕೆ ಶುರುವಾಯ್ತು. ಒರೆಸಿ ಮತ್ತೆ ಹಚ್ಚಿದರೂ ಅದೇ ಜಾಗ.

ನೈಟ್ರೋಜನ್ ಬಿಟ್ಟು ಪ್ಲೇಟ್ ಬೋಲ್ಟ್ ಬಿಚ್ಚಿದಾಗ ಒಳಗಿನ ಓ-ರಿಂಗ್ ಗುಂಡಗಿರಲೇ ಇಲ್ಲ. ಚಪ್ಪಟೆಯಾಗಿ, ಗಟ್ಟಿಯಾಗಿ, ಉಗುರಿಂದ ಬಾಗಿಸಿದರೆ ಬಿರುಕು ಬಿಡ್ತಿತ್ತು. ಹಾಗೇ ಕಾಯಿಲನ್ನ ಮಾತ್ರ ಪ್ಲೇಟ್ ಮುಚ್ಚಿ ಬೇರೆಯಾಗಿ ನೈಟ್ರೋಜನ್‌ನಲ್ಲಿ ನೋಡಿದರು. ಒತ್ತಡ ನಿಂತಿದೆ. ಡ್ಯಾಶ್‌ಬೋರ್ಡ್ ಮುಟ್ಟೋದು ಬೇಡ ಅಂತ ಆಯ್ತು, ಎಷ್ಟು ಸಮಾಧಾನ ಅಂತ ಹೇಳಲಾರೆ.

ಈಗ ಜೋಡಿಸುವಾಗ ಏನೇನು ನೋಡ್ಕೋಬೇಕು ಹೇಳಿ.

ಬಾನೆಟ್‌ತೆಗೆದವ

ತುಂಬಾ ಖುಷಿಯಾಯ್ತು ಸರ್. ಕಾಯಿಲನ್ನ ಬೇರೆಯಾಗಿ ನೋಡಿದ ಆ ಮೆಕ್ಯಾನಿಕ್‌ನ ಬಿಡಬೇಡಿ.

ವಾಲ್ವ್‌ನ ಕಾಯಿಲ್ ಕಡೆ ಇರೋ ಎರಡು ಓ-ರಿಂಗ್‌ಗಳನ್ನೂ ಇದೇ ಸಲ ಬದಲಾಯಿಸಿ, ಅವೂ ಅಷ್ಟೇ ವಯಸ್ಸಿನವು. ಎಸಿಗೇ ಅಂತ ಬರೋ ರಿಂಗ್ ಹಾಕಿ, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಸಿಗುತ್ತೆ. ಎಚ್‌ಎನ್‌ಬಿಆರ್ ಅಂತ ಕೇಳಿ. ಬಣ್ಣ ನೋಡಿ ನಂಬಬೇಡಿ, ಏನು ರಬ್ಬರ್ ಅಂತ ಕೇಳೇ ತಗೊಳ್ಳಿ. ರಿಂಗ್ ಕೂರೋ ತೋಡನ್ನ ಬಟ್ಟೆಯಿಂದ ಒರೆಸಿ, ಸ್ಯಾಂಡ್ ಪೇಪರ್ ಹಾಕಬೇಡಿ. ಅಲ್ಯೂಮಿನಿಯಂ ಮೇಲೆ ಅಡ್ಡ ಗೀರು ಬಿದ್ದರೆ ಹೊಸ ರಿಂಗೂ ಸೋರುತ್ತೆ. ರಿಂಗ್‌ಗೆ ಮಿನರಲ್ ಎಣ್ಣೆ ಸವರಿ ಕೂರಿಸಿ. ಕಂಪ್ರೆಸರ್‌ಗೆ ಹಾಕೋ ಪಿಎಜಿ ಎಣ್ಣೆ ಗಾಳಿಯ ತೇವ ಹೀರುತ್ತೆ, ಜಾಯಿಂಟ್‌ನಲ್ಲಿ ಉಳಿದರೆ ತುಕ್ಕಿಗೆ ದಾರಿ. ಬೋಲ್ಟ್ ಮೊದಲು ಕೈಯಿಂದ ತಿರುಗಿಸಿ, ಪ್ಲೇಟ್ ಸಮವಾಗಿ ಕೂತ ಮೇಲೆ ಸ್ಪ್ಯಾನರ್. ಸೀಲ್ ಮಾಡೋದು ರಿಂಗು, ಬೋಲ್ಟ್ ಬಿಗಿ ಅಲ್ಲ. ತಿರುಗಿಸೋ ನಟ್ ಇರೋ ಜಾಯಿಂಟ್ ಬಿಚ್ಚೋದಿದ್ದರೆ ಎರಡು ಸ್ಪ್ಯಾನರ್ ಹಿಡೀರಿ, ಇಲ್ಲಾಂದ್ರೆ ಪೈಪೇ ತಿರುಚಿಕೊಳ್ಳುತ್ತೆ.

ಡ್ರೈಯರ್ ಹೊಸದು ಹಾಕಿಸಿ, ಬೇರೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದರ ಮುಚ್ಚಳ ತೆಗೀರಿ. ಮುಚ್ಚಳ ತೆಗೆದು ಬೆಂಚಿನ ಮೇಲಿಟ್ಟರೆ ಅಲ್ಲೇ ತೇವ ಹೀರಿ ತುಂಬಿಕೊಳ್ಳುತ್ತೆ. ಎಣ್ಣೆ ವಿಷಯದಲ್ಲಿ ಅಂದಾಜು ಬೇಡ. ಡ್ರೈಯರ್ ಬದಲಿಸಿದರೆ ಎಷ್ಟು ಎಂಎಲ್ ಸೇರಿಸಬೇಕು, ಯಾವ ಪಿಎಜಿ ನಂಬರ್ ಅಂತ ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಸೋರಿದ ಜಾಗದ ಸ್ಪಂಜ್ ಒದ್ದೆಯಾಗಿತ್ತು ಅಂದಿರಿ, ಅದನ್ನ ಮೆಕ್ಯಾನಿಕ್‌ಗೆ ತೋರಿಸಿ, ಎಷ್ಟು ಹೋಗಿರಬಹುದು ಅಂತ ಅವರು ಹೇಳ್ತಾರೆ.

ಗೇಜ್‌ನೋಡಿ

ಜೋಡಿಸಿದ ಮೇಲೆ ಇನ್ನೊಮ್ಮೆ ನೈಟ್ರೋಜನ್. ಇದನ್ನ ಬಿಟ್ಟು ಸೀದಾ ಗ್ಯಾಸ್ ತುಂಬೋರು ಜಾಸ್ತಿ, ಆದರೆ ಎರಡನೇ ಲೀಕ್ ಇದ್ದರೆ ಈಗಲೇ ಸಿಗುತ್ತೆ. ಆಮೇಲೆ ವ್ಯಾಕ್ಯೂಮ್ ಕನಿಷ್ಠ ಮುಕ್ಕಾಲು ಗಂಟೆ, ತೇವದ ದಿನ ಆದರೆ ಇನ್ನೂ ಹೆಚ್ಚು. ಗ್ಯಾಸ್ ತೂಕ ಮಾಡಿಯೇ ಹಾಕಿಸಿ, ಸ್ಟಿಕ್ಕರ್‌ನಲ್ಲಿ ಇದ್ದಷ್ಟೇ. ಹೆಚ್ಚಾದರೆ ಇನ್ನೂ ತಣ್ಣಗಾಗುತ್ತೆ ಅನ್ನೋದು ಸುಳ್ಳು, ಕಂಡೆನ್ಸರ್‌ನಲ್ಲಿ ದ್ರವ ತುಂಬಿ ಹೈ ಸೈಡ್ ಏರುತ್ತೆ, ಕೂಲಿಂಗ್ ಬೀಳುತ್ತೆ. ಹೋಸ್ ಬಿಚ್ಚುವಾಗ ಕನ್ನಡಕ, ಕೈಗವಸು ಇರಲಿ. ವಾತಾವರಣದ ಒತ್ತಡದಲ್ಲಿ ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತೆ, ದ್ರವ ಕಣ್ಣಿಗೆ ಚಿಮ್ಮಿದರೆ ಕಣ್ಣಿಗೇ ಅಪಾಯ. ಹತ್ತಿರದಲ್ಲಿ ಬೆಂಕಿ, ಸಿಗರೇಟ್ ಬೇಡ. ಬೆಂಕಿಗೆ ತಾಗಿದ ಗ್ಯಾಸ್ ವಿಷವಾಗುತ್ತೆ.

ಹಳೇಸೆಡಾನ್

ಎಲ್ಲ ಹಾಗೇ ಮಾಡಿಸಿದೆ. ಎರಡನೇ ಸಲದ ನೈಟ್ರೋಜನ್‌ನಲ್ಲಿ ಲೋ ಸೈಡ್ ಪೋರ್ಟ್‌ನ ವಾಲ್ವ್ ಪಿನ್‌ನಲ್ಲೂ ಒಂದೊಂದೇ ಗುಳ್ಳೆ ಬಂತು, ಅದನ್ನೂ ಬದಲಾಯಿಸಿದರು. ಮೇಡಂ ಹೇಳದಿದ್ದರೆ ಅದು ಹಾಗೇ ಉಳೀತಿತ್ತು. ಸ್ಟಿಕ್ಕರ್ ತೂಕಕ್ಕೆ ಗ್ಯಾಸ್, ಜೊತೆಗೆ ಸ್ವಲ್ಪ ಡೈ. ಬೇಸಿಗೆ ಪೂರ್ತಿ ಓಡಿಸಿದೆ, ನಿಂತಾಗಲೂ ತಣ್ಣಗಿದೆ, ಕ್ಲಚ್ ಸಮಾಧಾನವಾಗಿ ಹಿಡಿದು ಬಿಡ್ತಿದೆ. ಮೊನ್ನೆ ಕತ್ತಲಲ್ಲಿ ಯುವಿ ಲೈಟ್ ಹಿಡಿದು ವಾಲ್ವ್, ಪೋರ್ಟ್, ಕಂಪ್ರೆಸರ್ ಮೂತಿ ಎಲ್ಲ ನೋಡಿದೆ. ಎಲ್ಲೂ ಹೊಳಪಿಲ್ಲ.

ನಿಧಾನಸವಾರಿ

ಒಳ್ಳೇ ಸುದ್ದಿ ಸರ್. ನನ್ನ ಕಾರಿನಲ್ಲೂ ವಾಲ್ವ್ ಸುತ್ತ ಅದೇ ಕಪ್ಪು ಟೇಪ್ ಇದೆ, ಬಿಡಿಸಿ ನೋಡಿದೆ, ಜಿಡ್ಡು ಕಾಣಿಸ್ತಿದೆ. ಓ-ರಿಂಗ್ ಅಳತೆಗೆ ಹಳೇದನ್ನೇ ಅಂಗಡಿಗೆ ತೋರಿಸಿದರೆ ಸಾಕಾ?

ಬಾನೆಟ್‌ತೆಗೆದವ

ಸಾಲದು. ಹಳೇದು ಚಪ್ಪಟೆಯಾಗಿರುತ್ತೆ, ಅದರ ದಪ್ಪ ನೋಡಿ ತಂದರೆ ಹೊಸದು ತೆಳ್ಳಗಾಗುತ್ತೆ. ಕಾರಿನ ಪಾರ್ಟ್ ನಂಬರ್ ಹಿಡಿದು ಕೇಳಿ. ಸಿಗದಿದ್ದರೆ ಪೈಪ್ ತುದಿಯ ಹೊರ ಅಳತೆ ಮತ್ತು ತೋಡಿನ ಆಳ ಕ್ಯಾಲಿಪರ್‌ನಲ್ಲಿ ತೆಗೆದುಕೊಂಡು ಹೋಗಿ. ಟೇಪನ್ನೂ ಹೊಸದು ತನ್ನಿ. ಅದಿಲ್ಲದೆ ಬಿಟ್ಟರೆ ವಾಲ್ವ್ ಎಂಜಿನ್ ಬಿಸಿ ಹಿಡಿದು ತಪ್ಪಾಗಿ ತೆರೆಯುತ್ತೆ.